ನಡುರಾತ್ರಿಯ ಕೆಮ್ಮು: ಎಳೆಯ ಮಕ್ಕಳ ಕ್ರೂಪ್ ಕಾಯಿಲೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಸೇಡಂ, ಚಿತ್ತಾಪುರ, ಶಹಾಬಾದ್ ಮತ್ತು ಚಿಂಚೋಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಎರಡು ವರ್ಷದ ಮಗುವೊಂದು ಹಗಲೆಲ್ಲ ಆಡಿಕೊಂಡಿದ್ದು, ತುಸು ನೆಗಡಿಯೊಂದಿಗೆ ಮಲಗುತ್ತದೆ. ರಾತ್ರಿ ಒಂದು ಗಂಟೆಯ ಸುಮಾರಿಗೆ ಎದ್ದು ಕುಳಿತು ಕೆಮ್ಮತೊಡಗುತ್ತದೆ. ಆ ಕೆಮ್ಮು ಎಂದಿನದಲ್ಲ. ನಾಯಿ ಬೊಗಳಿದಂತೆ, ಖಾಲಿ ಡಬ್ಬಿಯನ್ನು ಬಡಿದಂತೆ ಕೇಳುತ್ತದೆ. ದನಿ ಒಡೆದಿರುತ್ತದೆ. ಅತ್ತು ಉಸಿರೆಳೆದುಕೊಂಡಾಗ ಗಂಟಲಿನಿಂದ ಸೀಳುವಂಥ ಸದ್ದು ಬರುತ್ತದೆ. ಮನೆಮಂದಿಯೆಲ್ಲ ಎದ್ದು ಕೂರುತ್ತಾರೆ; ‘ಕೂಸಿಗೆ ದಮ್ಮು ಹತ್ತಿದೆ’ ಎನ್ನುತ್ತಾರೆ. ಈ ಚಿತ್ರವು ಆಸ್ಪತ್ರೆಯ ಪುಸ್ತಕದಲ್ಲಿ ‘ಕ್ರೂಪ್’ ಎಂಬ ಹೆಸರಿನಲ್ಲಿದೆ. ಇದಕ್ಕೆ ಕನ್ನಡದಲ್ಲಿ ನೆಲೆನಿಂತ ಹೆಸರೊಂದು ಇಲ್ಲದಿರುವುದೇ ಈ ಕಾಯಿಲೆಯ ಮೊದಲ ತೊಡಕು.

ಕನ್ನಡದಲ್ಲಿ ‘ನಾಯಿಕೆಮ್ಮು’ ಎಂಬ ಪದವಿದೆ. ಆದರೆ ಅದು ಬೇರೆಯೇ ರೋಗ. ಪರ್ಟುಸಿಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನಾಯಿಕೆಮ್ಮಿನಲ್ಲಿ ಮಗು ಒಂದೇ ಸಮನೆ, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದಂತೆ ಕೆಮ್ಮಿ, ಕೊನೆಗೆ ‘ಹೂಪ್’ ಎಂದು ಗಾಳಿ ಎಳೆದು, ಹಲವು ವೇಳೆ ವಾಂತಿ ಮಾಡಿಕೊಳ್ಳುತ್ತದೆ. ಅದು ವಾರಗಟ್ಟಲೆ ಕಾಡುತ್ತದೆ. ಎರಡು ಮೂರು ತಿಂಗಳ ಶಿಶುವಿನಲ್ಲಿ ಕೆಮ್ಮೇ ಇಲ್ಲದೆ ಉಸಿರು ನಿಲ್ಲಲೂಬಹುದು. ನಾಯಿಯ ಬೊಗಳಿಕೆಯನ್ನು ನಿಜವಾಗಿ ಹೋಲುವ ಕೆಮ್ಮು ಮಾತ್ರ ಕ್ರೂಪ್‌ನದು. ಹೀಗಾಗಿ ಆಶಾ ಕಾರ್ಯಕರ್ತೆಗೆ ತಾಯಿಯು ‘ನಾಯಿಕೆಮ್ಮು’ ಎಂದು ಹೇಳಿದರೆ ಅದು ಇವೆರಡರಲ್ಲಿ ಯಾವುದೆಂದು ಕೇಳಿ ತಿಳಿಯಬೇಕಾಗುತ್ತದೆ. ನಿನ್ನೆ ರಾತ್ರಿ ತಟ್ಟನೆ ಶುರುವಾಯಿತೇ, ಹದಿನೈದು ದಿನಗಳಿಂದ ಇದೆಯೇ ಎಂಬ ಒಂದು ಪ್ರಶ್ನೆಯೇ ಬಹುಪಾಲು ಉತ್ತರವನ್ನು ಕೊಡುತ್ತದೆ.

‘ಕ್ರೂಪ್’ ಎಂಬುದು ಸ್ಕಾಟ್ಲೆಂಡಿನ ಆಡುನುಡಿಯ ಪದ. ಎಡಿನ್‌ಬರೋದ ವೈದ್ಯ ಫ್ರಾನ್ಸಿಸ್ ಹೋಮ್ 1765ರಲ್ಲಿ ಈ ಹೆಸರಿನಲ್ಲಿ ಒಂದು ಗ್ರಂಥವನ್ನೇ ಬರೆದನು. ಅಂದಿನ ವೈದ್ಯರು ಗಂಟಲಮಾರಿಯನ್ನೂ ಇದನ್ನೂ ಬೇರ್ಪಡಿಸಿ ನೋಡಲು ಶಕ್ತರಾಗಿರಲಿಲ್ಲ. ಇಂದು ತಿಳಿದಿರುವಂತೆ ಸಾಮಾನ್ಯ ಕ್ರೂಪ್ ಒಂದು ವೈರಸ್ ಸೋಂಕು. ಪ್ಯಾರಾಇನ್‌ಫ್ಲುಯೆಂಜಾ ಎಂಬ ವೈರಸ್ ಇದರ ಮುಖ್ಯ ಕಾರಣ. 1950ರ ದಶಕದಲ್ಲಷ್ಟೇ ಅದು ಪ್ರಯೋಗಾಲಯದಲ್ಲಿ ಕೈಗೆ ಸಿಕ್ಕಿತು. ಫ್ಲೂ ಮತ್ತು ಕೋವಿಡ್ ವೈರಸ್‌ಗಳಿಂದಲೂ ಕ್ರೂಪ್ ಬರುವುದುಂಟು. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳಲ್ಲಿ ಇದು ಹೆಚ್ಚು. ಆರು ವರ್ಷ ದಾಟಿದ ಮೇಲೆ ವಿರಳ. ದೊಡ್ಡವರಿಗೆ ಅದೇ ವೈರಸ್ ತಗಲಿದರೆ ಬರಿಯ ನೆಗಡಿ, ಹೆಚ್ಚೆಂದರೆ ದನಿ ಕಟ್ಟಿಕೊಳ್ಳುವುದು. ಮಗುವಿಗೆ ಮಾತ್ರ ಏಕೆ ಉಸಿರಿಗೇ ಸಂಚಕಾರ?

ಉತ್ತರ ನೀರಿನ ಕೊಳವೆಯಲ್ಲಿದೆ. ಸೇಡಂ, ಚಿತ್ತಾಪುರ, ಶಹಾಬಾದ್ ಭಾಗದ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಣ್ಣಕಲ್ಲಿನ ನೆಲದ ಗಡಸು ನೀರು ಹರಿದು ಕೊಳವೆಯ ಒಳಮೈಗೆ ಬಿಳಿಯ ಪೊರೆ ಕಟ್ಟುತ್ತದೆ. ಪೊರೆ ತೆಳುವಾಗಿಯೇ ಇದ್ದರೂ ಕೊನೆಯ ಓಣಿಯ ನಲ್ಲಿಯಲ್ಲಿ ನೀರು ಸೊರಗುತ್ತದೆ. ಸಣ್ಣ ಕೊಳವೆಯಲ್ಲಿ ಹರಿವಿನ ನಿಯಮ ಬಹು ನಿಷ್ಠುರವಾದುದು: ವ್ಯಾಸ ಅರ್ಧಕ್ಕಿಳಿದರೆ ಅಡೆತಡೆ ಎರಡು ಪಟ್ಟಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಎಳೆಯ ಶಿಶುವಿನ ಧ್ವನಿಪೆಟ್ಟಿಗೆಯ ಕೆಳಗೆ ಉಸಿರುದಾರಿಯ ಅತಿ ಕಿರಿದಾದ ಭಾಗದ ವ್ಯಾಸ ಸುಮಾರು 4 ಮಿ.ಮೀ. ಸೋಂಕಿನಿಂದ ಅದರ ಒಳಮೈ ಸುತ್ತಲೂ ಒಂದೇ ಒಂದು ಮಿ.ಮೀ. ಬಾತುಕೊಂಡರೆ ಉಳಿಯುವುದು 2 ಮಿ.ಮೀ. ಅದೇ ಬಾವು 8 ಮಿ.ಮೀ. ವ್ಯಾಸದ ದೊಡ್ಡವರ ದಾರಿಯಲ್ಲಿ ಆದರೆ ಅಡೆತಡೆ ಏರುವುದು ಮೂರು ಪಟ್ಟಷ್ಟೇ. ಜೊತೆಗೆ ಆ ಜಾಗದಲ್ಲಿ ಮೃದ್ವಸ್ಥಿಯ ಉಂಗುರವೊಂದು ಸುತ್ತಲೂ ಬಿಗಿದಿರುವುದರಿಂದ ಬಾವು ಹೊರಕ್ಕೆ ಹಿಗ್ಗಲಾರದು, ಒಳಕ್ಕೇ ಬೆಳೆಯುತ್ತದೆ. ಮಗು ಅತ್ತಾಗ ಉಸಿರನ್ನು ರಭಸದಿಂದ ಎಳೆಯುತ್ತದೆ. ಅಡೆತಡೆ ಇನ್ನೂ ಏರುತ್ತದೆ. ಕ್ರೂಪ್ ಆದ ಮಗುವನ್ನು ಅಳಿಸಬಾರದು ಎಂಬ ಮಾತು ಅಕ್ಕರೆಯ ಮಾತಷ್ಟೇ ಅಲ್ಲ, ಚಿಕಿತ್ಸೆಯ ಮೊದಲ ಹೆಜ್ಜೆ.

ಗುರುತಿಸುವ ಬಗೆ ಕಷ್ಟದ್ದಲ್ಲ. ಒಂದೆರಡು ದಿನದ ನೆಗಡಿ, ಸಣ್ಣ ಜ್ವರ, ಆ ಮೇಲೆ ರಾತ್ರಿಯಲ್ಲಿ ಬೊಗಳುವ ಕೆಮ್ಮು, ಒಡೆದ ದನಿ. ಅತ್ತಾಗ ಮಾತ್ರ ಗಂಟಲಿನ ಸದ್ದು ಕೇಳಿಸಿ, ಸುಮ್ಮನಿದ್ದಾಗ ಇಲ್ಲವಾದರೆ ಕಾಯಿಲೆ ಸೌಮ್ಯವಾದುದು. ಹೆಚ್ಚಿನ ಮಕ್ಕಳು ಈ ಹಂತದಲ್ಲಿಯೇ ಇದ್ದು ಮೂರು ನಾಲ್ಕು ದಿನಗಳಲ್ಲಿ ಗುಣವಾಗುತ್ತಾರೆ. ಆದರೂ ಮರುದಿನ ವೈದ್ಯರಿಗೆ ತೋರಿಸಬೇಕು, ಏಕೆಂದರೆ ಎರಡನೆಯ ರಾತ್ರಿ ಮೊದಲನೆಯದಕ್ಕಿಂತ ಕಠಿಣವಾಗುವುದುಂಟು. ಮಗು ಶಾಂತವಾಗಿ ಮಡಿಲಲ್ಲಿರುವಾಗಲೂ ಉಸಿರೆಳೆದಾಗ ಸದ್ದು ಬರುತ್ತಿದ್ದರೆ, ಎದೆಗೂಡಿನ ಕೆಳಭಾಗ ಅಥವಾ ಕತ್ತಿನ ಬುಡದ ಕುಳಿ ಒಳಕ್ಕೆ ಸೆಳೆಯುತ್ತಿದ್ದರೆ, ಅಂದರೆ ಜನರು ‘ಪಕ್ಕೆ ಹಾರುತ್ತಿವೆ’ ಎನ್ನುವ ಸ್ಥಿತಿ ಇದ್ದರೆ, ಬೆಳಗಾಗುವುದನ್ನು ಕಾಯಬಾರದು. ಮಗು ಚಡಪಡಿಸುತ್ತಿದ್ದರೆ, ಹಾಲು ಕುಡಿಯಲಾರದೆ ಹೋದರೆ, ತುಟಿ ನೀಲಿಯಾದರೆ, ಕಣ್ಣು ತೇಲಿಸಿದರೆ ಒಂದು ನಿಮಿಷವೂ ತಡವಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಏದುಸಿರು ಬಿಡುತ್ತಿದ್ದ ಮಗುವಿನ ಗಂಟಲ ಸದ್ದು ಇದ್ದಕ್ಕಿದ್ದಂತೆ ಕಡಿಮೆಯಾಗಿ, ಮಗು ಮಂಕಾಗಿ ಒರಗಿದರೆ, ಮನೆಯವರು ‘ಇಳಿಯಿತು, ಮಲಗಿತು’ ಎಂದು ದೀಪ ಆರಿಸುತ್ತಾರೆ. ಸದ್ದು ಹೊರಡಲು ಗಾಳಿ ಓಡಾಡಬೇಕು. ಗಾಳಿಯೇ ಓಡಾಡದಿದ್ದರೆ ಸದ್ದೂ ಇರುವುದಿಲ್ಲ. ದಣಿದು ಬಿದ್ದ ಮಗುವಿನ ಮೌನ ಮತ್ತು ಗುಣವಾದ ಮಗುವಿನ ನಿದ್ದೆ ಇವೆರಡನ್ನು ಎದೆಗೂಡನ್ನು ನೋಡಿಯೇ ಬೇರ್ಪಡಿಸಬೇಕು. ಅಂಗಿ ಬಿಚ್ಚಿ, ದೀಪ ಹಚ್ಚಿ ನೋಡಬೇಕು. ಕೋವಿಡ್ ಕಾಲದಲ್ಲಿ ಹಳ್ಳಿಗಳಿಗೆ ಬಂದ ಪಲ್ಸ್ ಆಕ್ಸಿಮೀಟರ್ ಅನ್ನು ಬೆರಳಿಗೆ ಹಾಕಿ, 97 ಇದೆ, ಭಯವಿಲ್ಲ ಎಂದು ಕುಳಿತುಕೊಳ್ಳುವುದೂ ತಪ್ಪು. ಕ್ರೂಪ್‌ನಲ್ಲಿ ರಕ್ತದ ಆಮ್ಲಜನಕ ಕುಸಿಯುವುದು ಬಹು ತಡವಾಗಿ.

ಮಗುವನ್ನು ತಾಯಿ ಅಥವಾ ಅಜ್ಜಿ ನೇರವಾಗಿ ಮಡಿಲಲ್ಲಿ ಕೂರಿಸಿಕೊಳ್ಳಬೇಕು. ಒತ್ತಾಯದಿಂದ ಮಲಗಿಸಬಾರದು. ಎದೆಹಾಲು ಅಥವಾ ಗುಟುಕು ಗುಟುಕಾಗಿ ನೀರು ಕೊಡಬಹುದು. ಜ್ವರವಿದ್ದರೆ ತೂಕಕ್ಕೆ ತಕ್ಕ ಪ್ಯಾರಸಿಟಮಾಲ್. ಬಾಯಿ ತೆರೆಸಿ ಚಮಚದಿಂದ ನಾಲಿಗೆ ಒತ್ತಿ ಗಂಟಲು ನೋಡುವ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಅದರಿಂದ ಉಸಿರುದಾರಿ ಪೂರ್ತಿ ಕಟ್ಟಿಕೊಳ್ಳುವ ಅಪಾಯವಿದೆ. ಕುದಿಯುವ ನೀರಿನ ಹಬೆ ಹಿಡಿಸುವುದರಿಂದ ಪ್ರಯೋಜನವಾದುದಕ್ಕೆ ಆಧಾರವಿಲ್ಲ, ಪಾತ್ರೆ ಉರುಳಿ ಮಕ್ಕಳು ಸುಟ್ಟುಕೊಂಡ ಪ್ರಸಂಗಗಳಿಗೆ ಮಾತ್ರ ಕೊರತೆಯಿಲ್ಲ. ಸ್ನಾನದ ಬಳಿಕ ಲೋಬಾನದ ಹೊಗೆ ಹಾಕುವ ರೂಢಿಯನ್ನು ಕೆಮ್ಮಿನ ದಿನಗಳಲ್ಲಾದರೂ ನಿಲ್ಲಿಸಬೇಕು. ಕಟ್ಟಿಗೆ ಒಲೆಯ ಹೊಗೆ, ಬೀಡಿಯ ಹೊಗೆ, ಕಲ್ಲು ಹೊಳಪು ಮಾಡುವ ಘಟಕಗಳ ಧೂಳು ಇವು ಕ್ರೂಪ್‌ಗೆ ಕಾರಣವಲ್ಲ. ಆದರೆ ಬಾತ ಗಂಟಲನ್ನು ಇನ್ನಷ್ಟು ಕೆರಳಿಸುತ್ತವೆ. ಒಂದು ವರ್ಷದೊಳಗಿನ ಶಿಶುವಿಗೆ ಜೇನುತುಪ್ಪ ನೆಕ್ಕಿಸಬಾರದು, ಮೂಗಿಗೆ ಎಣ್ಣೆ ಬಿಡಬಾರದು. ಹೊಟ್ಟೆಗೆ, ಎದೆಗೆ ಬರೆ ಹಾಕುವ ಪದ್ಧತಿ ಕೆಲವು ಕಡೆ ಇನ್ನೂ ಉಳಿದಿದೆ. ಅದರಿಂದ ಮಗು ಅಳುತ್ತದೆ. ಅತ್ತರೆ ಏನಾಗುತ್ತದೆ ಎಂಬುದನ್ನು ಮೇಲೆಯೇ ಹೇಳಲಾಗಿದೆ.

ತಂಪು ಗಾಳಿಯ ವಿಷಯದಲ್ಲಿ ಕುತೂಹಲದ ಸಂಗತಿಯೊಂದಿದೆ. ಮಗುವನ್ನು ಹೊದ್ದಿಸಿಕೊಂಡು ಅಂಗಳಕ್ಕೆ ಬಂದಾಗ ಕೆಮ್ಮು ಇಳಿಯಿತೆಂದು ತಾಯಂದಿರು ಹೇಳುವುದುಂಟು. 2023ರಲ್ಲಿ ಪ್ರಕಟವಾದ ಜಿನೀವಾದ ಅಧ್ಯಯನವೊಂದು ಅರ್ಧ ಗಂಟೆ ಹೊರಗಿನ ಚಳಿಗಾಳಿಯಲ್ಲಿ ಇರಿಸಿದರೆ ಸೌಮ್ಯ ಹಾಗೂ ಮಧ್ಯಮ ಕ್ರೂಪ್ ಶಮನಗೊಳ್ಳುತ್ತದೆಂದು ತೋರಿಸಿತು. ಆದರೆ ಅಲ್ಲಿನ ಗಾಳಿ 10 ಡಿಗ್ರಿಗಿಂತ ತಂಪು. ಕಲಬುರಗಿಯ ರಾತ್ರಿಗಳು ಅಷ್ಟು ತಣ್ಣಗಾಗುವುದು ಅಪರೂಪ. ಇದನ್ನು ನಂಬಿ ಅಂಗಳದಲ್ಲಿ ಕೂರುವಂತಿಲ್ಲ. ಆದರೆ ಇದರಿಂದ ಇನ್ನೊಂದು ವಿಷಯ ಸ್ಪಷ್ಟವಾಗುತ್ತದೆ. ದಾರಿಯ ಗಾಳಿಗೆ ಮಗು ಚೇತರಿಸಿಕೊಂಡು, ಆಸ್ಪತ್ರೆಯ ಬಾಗಿಲಲ್ಲಿ ನಗುತ್ತಾ ಕುಳಿತಿರುತ್ತದೆ. ಕರೆತಂದವರು ಸುಮ್ಮನೆ ಗಾಬರಿಯಾದರೆಂಬ ಮಾತು ಕೇಳಿ ಹಿಂದಿರುಗುತ್ತಾರೆ. ಈ ಕಾರಣಕ್ಕೆ ಮನೆಯಿಂದ ಹೊರಡುವ ಮುನ್ನ ಮಗು ಉಸಿರಾಡುವ ಬಗೆಯನ್ನು, ಎದೆ ಕಾಣುವಂತೆ, ಸದ್ದು ಕೇಳುವಂತೆ ಅರ್ಧ ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಬೇಕು. ವೈದ್ಯರಿಗೆ ನೂರು ಮಾತಿಗಿಂತ ಆ ಚಿತ್ರಿಕೆ ಹೆಚ್ಚು ಹೇಳುತ್ತದೆ.

ಚಿಕಿತ್ಸೆ ಅಗ್ಗ, ಕೇಳಿದವರಿಗೆ ಆಶ್ಚರ್ಯವಾಗುವಷ್ಟು ಅಗ್ಗ. ಡೆಕ್ಸಾಮೆಥಸೋನ್ ಎಂಬ ಔಷಧದ ಒಂದೇ ಒಂದು ಡೋಸು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿಯಂತೆ ಪ್ರತಿ ಕಿಲೋ ತೂಕಕ್ಕೆ 0.6 ಮಿ.ಗ್ರಾಂ, ಅಂದರೆ 10 ಕಿಲೋ ಮಗುವಿಗೆ 6 ಮಿ.ಗ್ರಾಂ, ಬಾಯಿಯ ಮೂಲಕವೇ ಸಾಕು, ವಾಂತಿಯಾಗುತ್ತಿದ್ದರೆ ಸೂಜಿ. ಒಂದೆರಡು ಗಂಟೆಗಳಲ್ಲಿ ಬಾವು ಇಳಿಯತೊಡಗುತ್ತದೆ. ಉಸಿರಿನ ಕಷ್ಟ ತೀವ್ರವಾಗಿದ್ದರೆ ಅಡ್ರಿನಾಲಿನ್ ಅನ್ನು ನೆಬುಲೈಸರ್ ಮೂಲಕ ಕೊಡುತ್ತಾರೆ. ಅದು ಹತ್ತಿಪ್ಪತ್ತು ನಿಮಿಷಗಳಲ್ಲಿ ಕೆಲಸ ಮಾಡುತ್ತದೆ, ಸುಮಾರು ಎರಡು ಗಂಟೆಯಲ್ಲಿ ಅದರ ಬಲ ಇಳಿಯುತ್ತದೆ. ಆದ್ದರಿಂದ ಮಗು ಹುಷಾರಾಯಿತೆಂದು ತಕ್ಷಣ ಬೈಕ್ ಹತ್ತಿ ಊರಿಗೆ ಮರಳಬಾರದು. ಮೂರು ನಾಲ್ಕು ಗಂಟೆ ಆಸ್ಪತ್ರೆಯಲ್ಲಿಯೇ ಇರಬೇಕು. ಆಂಟಿಬಯಾಟಿಕ್ ಔಷಧಗಳಿಗೆ ವೈರಸ್ ಬಗ್ಗುವುದಿಲ್ಲ. ಕೆಮ್ಮಿನ ಸಿರಪ್‌ನಿಂದ ಲಾಭವಿಲ್ಲ, ತೂಕಡಿಕೆ ತರುವ ಸಿರಪ್‌ನಿಂದ ಹಾನಿಯೂ ಉಂಟು. ಡೋಸಿನ ಲೆಕ್ಕವನ್ನು ಇಲ್ಲಿ ಹೇಳಿದ್ದು, ಮೆಡಿಕಲ್ ಅಂಗಡಿಯಲ್ಲಿ ಕೇಳಿ ಪಡೆಯಲಿ ಎಂದಲ್ಲ. ಸ್ಟಿರಾಯ್ಡ್ ಔಷಧವನ್ನು ನಿರ್ಧರಿಸುವವರು ವೈದ್ಯರೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏನಿರಬೇಕೆಂದು ಪಂಚಾಯಿತಿ ಸದಸ್ಯರು ತಿಳಿದಿರಲಿ ಎಂಬ ಕಾರಣಕ್ಕೆ ಹೇಳಿದ್ದು.

ಕ್ರೂಪ್‌ನಂತೆಯೇ ಕಾಣುವ, ಆದರೆ ಅದಲ್ಲದ ಸ್ಥಿತಿಗಳಲ್ಲಿಯೇ ಜೀವಹಾನಿ ಹೆಚ್ಚು. ಈ ಜಿಲ್ಲೆ ತೊಗರಿಯ ಕಣಜ. ಡಿಸೆಂಬರ್, ಜನವರಿಯಲ್ಲಿ ರಾಶಿ ನಡೆಯುವಾಗ ತಾಯಂದಿರು ಹೊಲದಲ್ಲಿರುತ್ತಾರೆ, ಕೂಸುಗಳು ಕಣದ ಅಂಚಿನಲ್ಲಿ. ಚಳಿಗಾಲವೆಂದರೆ ಕ್ರೂಪ್ ಕಾಲವೂ ಹೌದು. ತೊಗರಿ ಕಾಳು, ಶೇಂಗಾ, ಹುಣಸೆ ಬೀಜ ಬಾಯಿಗೆ ಹಾಕಿಕೊಂಡ ಮಗು ಉಸಿರುದಾರಿಗೆ ಎಳೆದುಕೊಂಡರೆ ಅದೇ ಸದ್ದು, ಅದೇ ಏದುಸಿರು. ವ್ಯತ್ಯಾಸವೆಂದರೆ ಅಲ್ಲಿ ನೆಗಡಿ ಇಲ್ಲ, ಜ್ವರವಿಲ್ಲ, ಆಡುತ್ತಿದ್ದ ಮಗು ಒಂದು ಕ್ಷಣದಲ್ಲಿ ಕಟ್ಟಿಕೊಂಡಿರುತ್ತದೆ. ಮಗು ಕೆಮ್ಮಬಲ್ಲದಾದರೆ ಕೆಮ್ಮಲು ಬಿಟ್ಟು ಆಸ್ಪತ್ರೆಗೆ ಹೊರಡಬೇಕು. ಕೆಮ್ಮಲೂ ಅಳಲೂ ಆಗದಿದ್ದರೆ, ಒಂದು ವರ್ಷದೊಳಗಿನ ಶಿಶುವನ್ನು ತಲೆ ತಗ್ಗಿರುವಂತೆ ಮುಂಗೈ ಮೇಲೆ ಕವುಚಿ ಬೆನ್ನಿನ ಮೇಲೆ ಐದು ಬಾರಿ ತಟ್ಟಿ, ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಬಾರಿ ಒತ್ತಬೇಕು. ವಸ್ತು ಹೊರಬರುವವರೆಗೆ ಹೀಗೆಯೇ. ಕಾಣದ ವಸ್ತುವಿಗಾಗಿ ಬೆರಳು ತೂರಿಸಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ.

ಮಗುವಿಗೆ ವಿಪರೀತ ಜ್ವರವಿದ್ದು, ಬೊಗಳುವ ಕೆಮ್ಮಿಲ್ಲದೆ, ಜೊಲ್ಲು ಸುರಿಸುತ್ತಾ, ಗದ್ದ ಮುಂದೆ ಚಾಚಿ ಕುಳಿತಿದ್ದರೆ ಅದು ನಾಲಿಗೆಯ ಬುಡದ ಹಿಂದಿನ ಮುಚ್ಚಳದ ಸೋಂಕು; ಪೆಂಟಾವೇಲೆಂಟ್ ಲಸಿಕೆ ಬಂದ ಬಳಿಕ ಬಹು ವಿರಳ. ಮೂರು ತಿಂಗಳೊಳಗಿನ ಶಿಶುವಿನ ಗಂಟಲ ಸದ್ದನ್ನು ಕ್ರೂಪ್ ಎಂದು ಎಣಿಸಲೇಬಾರದು. ಸದ್ದಿಲ್ಲದೆ ಉಸಿರಾಟದ ವೇಗವಷ್ಟೇ ಏರಿದ್ದರೆ, ಒಂದರಿಂದ ಐದು ವರ್ಷದ ಮಗುವಿನಲ್ಲಿ ನಿಮಿಷಕ್ಕೆ 40, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50 ಮುಟ್ಟಿದರೆ, ನ್ಯುಮೋನಿಯಾ ಎಂದು ಬಗೆದು ಕಳುಹಿಸುವುದನ್ನು ಆಶಾ ಕಾರ್ಯಕರ್ತೆಯರಿಗೆ ಕಲಿಸಲಾಗಿದೆ.

ಉಳಿದದ್ದು ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಇದನ್ನು ಹಳೆಯ ಕಾಲದ ರೋಗವೆಂದು ಬಗೆಯುವುದು ಸಲ್ಲದು. 1901ರಲ್ಲಿ ವೈದ್ಯಕೀಯದ ಮೊತ್ತಮೊದಲ ನೊಬೆಲ್ ಪ್ರಶಸ್ತಿಯನ್ನು ಬೆಹ್ರಿಂಗ್ ಪಡೆದದ್ದು ಇದರ ಪ್ರತಿವಿಷಕ್ಕಾಗಿ. ಶತಮಾನ ಕಳೆದ ಮೇಲೂ, 2018ರ ಒಂದೇ ವರ್ಷದಲ್ಲಿ, ಭಾರತದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಗಂಟಲಿನಲ್ಲಿ ಬೂದುಬಣ್ಣದ ಪೊರೆ, ಊದಿದ ಕತ್ತು, ನುಂಗಲು ನೋವು, ಕಟ್ಟಿದ ದನಿ ಇದರ ಗುರುತು. ಡೆಕ್ಸಾಮೆಥಸೋನ್ ಇಲ್ಲಿ ನಿಲ್ಲದು. ಪ್ರತಿವಿಷ ಬೇಕು, ಅದೂ ಬೇಗ ಬೇಕು. ಇದನ್ನು ತಡೆಯುವ ಲಸಿಕೆ ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಪೆಂಟಾವೇಲೆಂಟ್, 16ರಿಂದ 24 ತಿಂಗಳಲ್ಲಿ ಹಾಗೂ 5ರಿಂದ 6 ವರ್ಷದಲ್ಲಿ ಡಿಪಿಟಿ, ಮುಂದೆ 10 ಮತ್ತು 16 ವರ್ಷದಲ್ಲಿ ಟಿಡಿ. ಮೊದಲ ಮೂರು ಡೋಸು ಬಹುತೇಕ ಎಲ್ಲ ಮಕ್ಕಳಿಗೂ ಬೀಳುತ್ತವೆ. ತಪ್ಪುವುದು ಮುಂದಿನವು. ಚಿಂಚೋಳಿಯ ತಾಂಡಾಗಳಿಂದ ಹೈದರಾಬಾದ್, ಮುಂಬೈ, ಪುಣೆಗೆ ದುಡಿಯಲು ಹೋದ ಕುಟುಂಬಗಳ ಮಕ್ಕಳಿಗೆ ಬೂಸ್ಟರ್ ಡೋಸಿನ ತಿಂಗಳು ಬಂದಾಗ ಊರಿನಲ್ಲಿ ಮನೆಗೆ ಬೀಗ. ಹಬ್ಬಕ್ಕೆ, ಮದುವೆಗೆ ಅವರು ಮರಳುವ ವಾರವನ್ನು ಆರೋಗ್ಯ ಇಲಾಖೆಗಿಂತ ಮೊದಲು ತಿಳಿಯುವವರು ವಾರ್ಡಿನ ಸದಸ್ಯರು. ಆ ವಾರಕ್ಕೇ ಲಸಿಕೆಯ ಶಿಬಿರ ಹೊಂದಿಸುವಂತೆ ಆರೋಗ್ಯ ಸಹಾಯಕಿಯನ್ನು ಕೇಳಬಹುದು. ತಾಯಿ ಕಾರ್ಡನ್ನು ಜೊತೆಗೆ ಒಯ್ಯುವಂತೆ ಹೊರಡುವ ಕುಟುಂಬಕ್ಕೆ ಹೇಳಬಹುದು.

ಇನ್ನು ದಾರಿಯ ಮಾತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಪಟ್ಟಿ ಮಾಡಿದಾಗ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಅದರಲ್ಲಿದ್ದವು. ಅನಂತರ 371ಜೆ ವಿಧಿ ಬಂದಿದೆ, ಕಟ್ಟಡಗಳು ಬಂದಿವೆ. ಆದರೂ ಮಕ್ಕಳ ತೀವ್ರ ನಿಗಾ ಘಟಕ ಬೇಕಾದಾಗ ಕಲಬುರಗಿಯೇ ಗತಿ. ಸೇಡಂನಿಂದ 50 ಕಿ.ಮೀ.ಗೂ ಹೆಚ್ಚು, ಚಿಂಚೋಳಿಯಿಂದ 80 ಕಿ.ಮೀ.ಗೂ ಹೆಚ್ಚು. ಆದುದರಿಂದ ನೇರವಾಗಿ ಕಲಬುರಗಿಗೆ ಓಡುವುದಲ್ಲ. ಸಮೀಪದ ತಾಲ್ಲೂಕು ಆಸ್ಪತ್ರೆಯಲ್ಲಿ ಡೆಕ್ಸಾಮೆಥಸೋನ್ ಬಿದ್ದ ಮೇಲೆ, ಅಗತ್ಯವಿದ್ದರೆ ಮುಂದಿನ ಪ್ರಯಾಣ. ಔಷಧಕ್ಕೆ ಕೆಲಸ ಮಾಡಲು ಬೇಕಾದ ಒಂದೆರಡು ಗಂಟೆ ದಾರಿಯಲ್ಲಿಯೇ ಸಿಕ್ಕಂತಾಗುತ್ತದೆ.

ಸಂವಿಧಾನದ 73ನೆಯ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯ 23ನೆಯ ಬಾಬು ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳದ್ದು. ಇದು ಕಾಗದದ ಮೇಲಿನ ಅಧಿಕಾರವಾಗಿ ಉಳಿಯಬೇಕಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಭೆಯಲ್ಲಿ ಸದಸ್ಯರು ಕೇಳಬೇಕಾದುದು ಇಷ್ಟೇ: ಡೆಕ್ಸಾಮೆಥಸೋನ್ ಇದೆಯೇ, ಅದರ ಅವಧಿ ಮೀರಿಲ್ಲವೇ? ಅಡ್ರಿನಾಲಿನ್ ಇದೆಯೇ? ನೆಬುಲೈಸರ್‌ಗೆ ಮಕ್ಕಳ ಅಳತೆಯ ಮಾಸ್ಕ್ ಇದೆಯೇ? ರಾತ್ರಿ ವಿದ್ಯುತ್ ಹೋದರೆ ಅದು ಇನ್ವರ್ಟರ್ ಮೇಲೆ ನಡೆಯುತ್ತದೆಯೇ? ಆಮ್ಲಜನಕದ ಸಿಲಿಂಡರಿನ ಕೀಲಿ ಯಾರ ಬಳಿ ಇರುತ್ತದೆ? ಕೊನೆಯದು ಸಣ್ಣ ಪ್ರಶ್ನೆಯೆಂದು ನಗುವವರು ನಡುರಾತ್ರಿ ಆ ಕೀಲಿಯನ್ನು ಹುಡುಕಿದವರಲ್ಲ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಗೆ ಪಂಚಾಯಿತಿ ಸದಸ್ಯರೇ ಅಧ್ಯಕ್ಷರು, ಆಶಾ ಕಾರ್ಯಕರ್ತೆಯೇ ಸದಸ್ಯ ಕಾರ್ಯದರ್ಶಿ. ವರ್ಷಕ್ಕೆ 10,000 ರೂಪಾಯಿವರೆಗಿನ ಮುಕ್ತ ನಿಧಿ ಅದಕ್ಕಿದೆ. ಬಡ ಕುಟುಂಬದ ಮಗುವನ್ನು ಆಸ್ಪತ್ರೆಗೆ ಸಾಗಿಸುವ ತುರ್ತು ಬಾಡಿಗೆಗೆ ಅದರಿಂದ ನೆರವಾಗಲು ಸಮಿತಿ ಮೊದಲೇ ನಿರ್ಣಯ ಮಾಡಿಟ್ಟರೆ, ರಾತ್ರಿ ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ. 2008ರ ನವೆಂಬರಿನಿಂದ ರಾಜ್ಯದಲ್ಲಿರುವ 108 ಆಂಬ್ಯುಲೆನ್ಸ್‌ಗೆ ಮೊದಲು ಕರೆ ಮಾಡಬೇಕು. ಕರೆಯಲ್ಲಿ ‘ಮಗುವಿಗೆ ಕೆಮ್ಮು’ ಎನ್ನದೆ ‘ಎರಡು ವರ್ಷದ ಮಗುವಿಗೆ ಉಸಿರಾಡಲು ಆಗುತ್ತಿಲ್ಲ, ಎದೆ ಒಳಕ್ಕೆ ಸೆಳೆಯುತ್ತಿದೆ’ ಎನ್ನಬೇಕು, ಜಿಲ್ಲೆ, ತಾಲ್ಲೂಕು, ಊರಿನ ಹೆಸರನ್ನು ಆ ಕ್ರಮದಲ್ಲಿ ಹೇಳಬೇಕು. ವಾಹನ ಬರುವುದು ತಡವಾಗುವುದಾದರೆ ಊರಿನಲ್ಲಿ ರಾತ್ರಿ ಹೊರಡಲು ಒಪ್ಪಿರುವ ಮೂವರು ವಾಹನ ಮಾಲೀಕರ ಹೆಸರು, ದೂರವಾಣಿ ಸಂಖ್ಯೆ ಅಂಗನವಾಡಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರಬೇಕು. ಬೈಕಿನಲ್ಲಿ ಇಬ್ಬರ ನಡುವೆ ಮಗುವನ್ನು ಒತ್ತಿ ಕೂರಿಸಿಕೊಂಡು ಹೋದರೆ ಅದರ ಎದೆ ಕಾಣುವುದಿಲ್ಲ, ಉಸಿರು ನಿಂತುದೂ ತಿಳಿಯುವುದಿಲ್ಲ.

ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಕಾಗಿಣಾ ನದಿ ಉಕ್ಕಿದಾಗ ಮಳಖೇಡದ ಸೇತುವೆ, ಚಿತ್ತಾಪುರದ ಬಳಿಯ ದಂಡೋತಿ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ವಾಡಿ ಜಂಕ್ಷನ್ ಸುತ್ತಲಿನ ಊರುಗಳಿಗೆ ರೈಲ್ವೆ ಗೇಟು ಮತ್ತು ಸಿಮೆಂಟ್ ಲಾರಿಗಳ ಸಾಲು ಬೇರೆ. ಚಿಂಚೋಳಿಯ ಕುಂಚಾವರಂ ಕಾಡಂಚಿನವರಿಗೆ ಗಡಿಯಾಚೆಯ ತಾಂಡೂರು ಹತ್ತಿರವೆನಿಸಬಹುದು. ಪ್ರತಿ ಪಂಚಾಯಿತಿಯು ಜೂನ್ ತಿಂಗಳ ಸಾಮಾನ್ಯ ಸಭೆಯಲ್ಲಿ, ಸೇತುವೆ ಮುಳುಗಿದ ರಾತ್ರಿ ಯಾವ ಊರಿನ ಮಗುವನ್ನು ಯಾವ ದಾರಿಯಿಂದ ಯಾವ ಆಸ್ಪತ್ರೆಗೆ ಒಯ್ಯಬೇಕೆಂದು ಗ್ರಾಮವಾರು ಬರೆದು, ಅದರ ಪ್ರತಿಯನ್ನು ಆಶಾ ಕಾರ್ಯಕರ್ತೆ, ಸಮುದಾಯ ಆರೋಗ್ಯ ಅಧಿಕಾರಿ ಮತ್ತು ವಾಹನ ಮಾಲೀಕರಿಗೆ ಕೊಟ್ಟು, ಸಭೆಯ ನಡಾವಳಿಯಲ್ಲಿ ದಾಖಲಿಸಲು ಕೋರಲಾಗಿದೆ.